ನೂರ ನಲವತ್ತಮೂರನೆಯದು

"ಚಪ್ಪಲಿ ಹೊರಗೆ ಬಿಡಿ!"

ಆ ದನಿ ಕೇಳಿ ಸುಮೈರಾ ಹೊಸ್ತಿಲಲ್ಲೇ ನಿಂತಳು. ಯಲಹಂಕದಿಂದ ಹೆಬ್ಬಾಳದವರೆಗೆ ಸ್ಕೂಟರಿನ ಮೇಲೆ ಅವಳು ನಾಲ್ಕು ಕಟುವಾದ ವಾಕ್ಯಗಳನ್ನು ಜೋಡಿಸಿಕೊಂಡು ಬಂದಿದ್ದಳು. ಮೊದಲನೆಯದು ನಾಲಿಗೆಯ ತುದಿಯಲ್ಲೇ ಸಿಕ್ಕಿಕೊಂಡಿತು.

ಕೋಣೆ ತಣ್ಣಗಿತ್ತು. ಎತ್ತರದ ಕಬ್ಬಿಣದ ಚೌಕಟ್ಟುಗಳಲ್ಲಿ ಯಂತ್ರಗಳು ಒಂದೇ ಶ್ರುತಿಯಲ್ಲಿ ಗುಂಯ್‌ಗುಡುತ್ತಿದ್ದವು. ಅವುಗಳ ನಡುವೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಸ್ಕ್ರೂಡ್ರೈವರ್ ಹಿಡಿದು ಒಬ್ಬ ಯುವಕ ಕುಳಿತಿದ್ದ.

"ಫೋನೂ ಅಲ್ಲೇ ಗೂಡಿನಲ್ಲಿಡಿ, ಮೇಡಂ."

"ಯಾಕೆ? ನಾನೇನು ಮಸೀದಿಗೆ ಬಂದಿದ್ದೀನಾ?"

"ಅಲ್ಲಿಗೆ ಬರೋರು ಇಷ್ಟು ಕೋಪದಲ್ಲಿ ಬರಲ್ಲ," ಎಂದ ಅವನು, ತಲೆಯೆತ್ತದೆ. "ಇಲ್ಲಿ ಧೂಳು ಆಗಲ್ಲ, ಅಷ್ಟೇ."

ಸುಮೈರಾ ಹಲ್ಲು ಕಚ್ಚಿ ಚಪ್ಪಲಿ ಬಿಟ್ಟಳು. ಎರಡನ್ನೂ ಜೋಡಿಸಿ, ಗೋಡೆಗೆ ನೇರವಾಗಿಟ್ಟಳು. ಕೋಪದಲ್ಲಿದ್ದರೂ ಅದು ಅವಳಿಂದ ತಪ್ಪುವ ಅಭ್ಯಾಸವಲ್ಲ.

"ಹುಜೈಫಾ ಅಂದ್ರೆ ನೀವೇ ತಾನೇ? ನಿಮ್ಮ ಸರ್ವರ್ ನಿನ್ನೆಯಿಂದ ಸತ್ತು ಬಿದ್ದಿದೆ. ಗೊತ್ತಾ ನಿಮಗೆ?"

ಅವನು ಈಗ ತಲೆಯೆತ್ತಿದ. ನಿದ್ದೆಗೆಟ್ಟ ಕಣ್ಣುಗಳು... ಆದರೆ ಶಾಂತವಾದ ಕಣ್ಣುಗಳು.

"ಸತ್ತಿಲ್ಲ. ನಾನೇ ಬಾಗಿಲು ಹಾಕಿದ್ದೀನಿ."

ಸುಮೈರಾ ಯಲಹಂಕದ ಒಂದು ಪದವಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ವಿಭಾಗದ ಲ್ಯಾಬ್ ನೋಡಿಕೊಳ್ಳುತ್ತಿದ್ದಳು. ಅಲ್ಲಿನ ಮೂವತ್ತು ಕಂಪ್ಯೂಟರುಗಳಲ್ಲಿ ಅವಳೇ ಹಟ ಹಿಡಿದು ಲಿನಕ್ಸ್ ಎಂಬ ಉಚಿತ ಕಾರ್ಯವ್ಯವಸ್ಥೆಯನ್ನು ಹಾಕಿಸಿದ್ದಳು. ಲಿನಕ್ಸಿನಲ್ಲಿ ಬೇಕಾದ ತಂತ್ರಾಂಶಗಳೆಲ್ಲ ಪ್ಯಾಕೇಜ್ ಎಂಬ ಸಣ್ಣ ಸಣ್ಣ ಕಟ್ಟುಗಳಾಗಿ ದೂರದ ಮುಖ್ಯ ಸರ್ವರುಗಳಿಂದ ಇಳಿದು ಬರುತ್ತವೆ. ಆ ಮುಖ್ಯ ಸರ್ವರುಗಳ ಯಥಾವತ್ ನಕಲನ್ನು ಊರೂರಲ್ಲಿ ಯಾರಾದರೂ ಇಟ್ಟುಕೊಂಡು ಹಂಚುತ್ತಾರೆ. ಅದಕ್ಕೆ ಮಿರರ್ ಎನ್ನುತ್ತಾರೆ. ಹೆಬ್ಬಾಳದ ಈ ಸಂಶೋಧನಾ ಸಂಸ್ಥೆಯಲ್ಲಿದ್ದ ಮಿರರನ್ನು ಹುಜೈಫಾ ತನ್ನ ಕೆಲಸದ ಜೊತೆಗೆ, ಬರೀ ಪ್ರೀತಿಯಿಂದ ನಡೆಸುತ್ತಿದ್ದ.

ಭಾನುವಾರ ಮುಖ್ಯ ಸರ್ವರುಗಳೇ ನೆಲಕಚ್ಚಿದ್ದವು. ಬೇರೆ ದೇಶಗಳ ನಕಲುಗಳ ಮೇಲೆ ಜಗತ್ತೇ ಮುಗಿಬಿದ್ದು ಅವೂ ಉಸಿರುಗಟ್ಟಿದ್ದವು. ಉಳಿದದ್ದು ಇದೊಂದೇ. ಇದಕ್ಕೂ ಬಾಗಿಲು!

"ಗುರುವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಹುಡುಗರಿಗೆ ಪ್ರಾಕ್ಟಿಕಲ್ ಪರೀಕ್ಷೆ," ಎಂದಳು ಸುಮೈರಾ. ದನಿ ನಡುಗದಂತೆ ನೋಡಿಕೊಂಡಳು. "ಮೂವತ್ತು ಮಷೀನುಗಳಲ್ಲೂ ಸ್ಟ್ಯಾಟಿಸ್ಟಿಕ್ಸ್ ಸಾಫ್ಟ್‌ವೇರ್ ಇಲ್ಲ. ನಾನು ಶನಿವಾರವಷ್ಟೇ ಎಲ್ಲಾ ಅಳಿಸಿ ಹೊಸದಾಗಿ ಲಿನಕ್ಸ್ ಹಾಕಿದ್ದೆ."

"ಪರೀಕ್ಷೆಗೆ ಐದು ದಿನ ಇರೋವಾಗ? ಓಡ್ತಿರೋದನ್ನ ಅಳಿಸಿದ್ರಾ?"

"ಪ್ರತಿ ಸೆಮಿಸ್ಟರೂ ಹಾಗೇ ಮಾಡ್ತೀನಿ. ಸ್ವಚ್ಛವಾಗಿರಲಿ ಅಂತ."

"ಹಳೇ ಪ್ಯಾಕೇಜುಗಳ ಒಂದು ನಕಲು?"

"ಅದೂ... ಜಾಗ ತಿನ್ನುತ್ತೆ ಅಂತ..."

ಹುಜೈಫಾ ನಗಲಿಲ್ಲ. ನಕ್ಕಿದ್ದರೆ ಅವಳು ಅಳುತ್ತಿದ್ದಳೇನೋ.

"ನಿಮ್ಮ ಡಿಸ್ಕಿನಲ್ಲಿ ಇದೆಯಲ್ಲ! ಕೊಡೋಕೆ ಏನ್ರೀ ಕಷ್ಟ?"

"ನಕಲು ಇಳೀತಿರೋವಾಗಲೇ ಮೇಲಿನದು ಬಿದ್ದೋಯ್ತು. ಅರ್ಧ ಹೊಸದು, ಅರ್ಧ ಹಳೇದು. ಒಂದಕ್ಕೊಂದು ಹೊಂದಲ್ಲ. ಅದನ್ನ ಹಾಕಿದ್ರೆ ನಿಮ್ಮ ಮೂವತ್ತು ಮಷೀನೂ ಎದ್ದೇಳಲ್ಲ. ಅರ್ಧ ಬಂದಿರೋದನ್ನ ನಾನು ಯಾರಿಗೂ ಕೊಡಲ್ಲ, ಮೇಡಂ."

ಉಳಿದ ಮೂರು ವಾಕ್ಯಗಳಿಗೆ ಈಗ ಅರ್ಥವಿರಲಿಲ್ಲ. ಸುಮೈರಾ ಹೊರಗೆ ಬಂದು ಚಪ್ಪಲಿ ಮೆಟ್ಟಿದಳು. ಗೇಟಿನ ರಿಜಿಸ್ಟರಿನಲ್ಲಿ 'ಭೇಟಿಯ ಉದ್ದೇಶ' ಎಂಬಲ್ಲಿ ತಾನು ಬರೆದಿದ್ದ 'ದೂರು' ಎಂಬ ಪದ ದಪ್ಪವಾಗಿ ಕಾಣುತ್ತಿತ್ತು. ಅದರ ಮುಂದೆ ಹೊರಟ ಸಮಯ ಬರೆದಳು: 11.25.

'ಪರೀಕ್ಷೆ ನಿಂತರೆ ಲ್ಯಾಬೂ ನಿಲ್ಲುತ್ತೆ. ಲ್ಯಾಬು ನಿಂತರೆ ನಾನು...'

ಆ ಯೋಚನೆಯನ್ನು ಅವಳು ಪೂರ್ತಿ ಮಾಡಲಿಲ್ಲ.

ಪೂರ್ತಿ ಮಾಡಿದ್ದು ವಿಭಾಗದ ಮುಖ್ಯಸ್ಥೆ ಸರಳಾ ಮೇಡಂ.

"ನೋಡಮ್ಮ, ನಾನು ನಿನ್ನ ಪರ ಎಷ್ಟು ಸಲ ಮಾತಾಡಿದ್ದೀನಿ ನಿಂಗೇ ಗೊತ್ತು," ಎಂದರು ಅವರು ಅಂದು ಸಂಜೆ. "ಮ್ಯಾನೇಜ್‌ಮೆಂಟಿನೋರು ಮೊದಲಿಂದ ಹೇಳ್ತಾನೇ ಇದ್ರು, ಇದೆಲ್ಲ ಬೇಡ ಅಂತ. ಗುರುವಾರ ಯೂನಿವರ್ಸಿಟಿಯಿಂದ ಗುರುಪಾದಪ್ಪನವರು ಬರ್ತಾರೆ. ಅವರು ಗಡಿಯಾರ ನೋಡ್ಕೊಂಡು ಉಸಿರಾಡೋ ಮನುಷ್ಯ! ಅವರ ಮುಂದೆ ಪರೀಕ್ಷೆ ನಡೀಲಿಲ್ಲ ಅಂದ್ರೆ ಲ್ಯಾಬು ಹೋಗುತ್ತೆ. ನಿನ್ನ ಗುತ್ತಿಗೇನೂ ಮುಂದುವರಿಯಲ್ಲ."

"ಗೊತ್ತು ಮೇಡಂ."

"ಅಲ್ಲ ಕಣೇ, ಮದುವೆ ಮನೆ ಊಟಕ್ಕೆ ಮುಂಚೆ ಪಾತ್ರೆ ತೊಳೆದು ಅಟ್ಟಕ್ಕೆ ಹಾಕ್ತಾರಾ ಯಾರಾದ್ರೂ?"

ಸುಮೈರಾ ತನ್ನ ಲಾಗ್ ಪುಸ್ತಕ ತೆರೆದು ಬೇಕಾದ ಪ್ಯಾಕೇಜುಗಳನ್ನು ಒಂದೊಂದಾಗಿ ಬರೆಯತೊಡಗಿದಳು. ಆ ಒಂದು ತಂತ್ರಾಂಶ ಇನ್ನೊಂದನ್ನು ಕೇಳುತ್ತದೆ, ಅದು ಮತ್ತೊಂದನ್ನು. ಪಟ್ಟಿ ಮುಗಿದಾಗ ಸಂಖ್ಯೆ ನೂರ ನಲವತ್ತಮೂರಕ್ಕೆ ನಿಂತಿತು. ಒಂದು ಕಡಿಮೆಯಾದರೂ ಉಳಿದವು ಒಳಗೆ ಬರಲು ಒಪ್ಪುವುದಿಲ್ಲ.

ಆಗ ಫೋನ್ ಮಿಡಿಯಿತು. ಅಪರಿಚಿತ ಸಂಖ್ಯೆ.

'ನಾನು ಹುಜೈಫಾ. ಗೇಟಿನ ರಿಜಿಸ್ಟರಿನಿಂದ ನಿಮ್ಮ ನಂಬರ್ ತಗೊಂಡೆ, ಕ್ಷಮಿಸಿ. ಎಲ್ಲರೂ ನಿಮ್ಮಷ್ಟು ಸ್ವಚ್ಛವಾಗಿರಲ್ಲ. ಹಿಂದೆ ಇಳಿಸಿಕೊಂಡ ಪ್ಯಾಕೇಜುಗಳು ಅವರವರ ಮಷೀನಿನಲ್ಲೇ ಬಿದ್ದಿರುತ್ತವೆ. ನಮ್ಮ ಲಿನಕ್ಸ್ ಬಳಗದವರನ್ನ ಕೇಳಿದ್ದೀನಿ. ನಾಳೆ ಹೋಗಿ ಆರಿಸಿಕೊಂಡು ಬರೋಣವಾ?'

ಸುಮೈರಾ ಅದನ್ನು ಮೂರು ಸಲ ಓದಿದಳು.

'ಬರೋಣ' ಎಂದಿದ್ದ. 'ಹೋಗಿ ಬನ್ನಿ' ಎಂದಿರಲಿಲ್ಲ...

ಮಂಗಳವಾರ ಬೆಳಿಗ್ಗೆ ವಿಮಾನ ನಿಲ್ದಾಣದ ರಸ್ತೆಯಲ್ಲಿ ಎರಡು ಗಾಡಿಗಳು ಒಂದರ ಹಿಂದೊಂದು ಸಾಗಿದವು. ಮುಂದೆ ಅವನ ಬೈಕು, ಹಿಂದೆ ಅವಳ ಸ್ಕೂಟರು. ಪ್ರತಿ ತಿರುವಿನಲ್ಲೂ ಅವನು ನಿಧಾನಿಸಿ ಕನ್ನಡಿಯಲ್ಲಿ ಅವಳು ಬಂದಳೇ ಎಂದು ನೋಡುತ್ತಿದ್ದ. ಅವಳು ಅದನ್ನು ಗಮನಿಸಿದ್ದು ಅವನಿಗೆ ಗೊತ್ತಾಗಲಿಲ್ಲ.

ಚಿಕ್ಕಜಾಲದಲ್ಲಿ ಗೌಹರ್ ಆಪಾ ಹೆಣ್ಣುಮಕ್ಕಳಿಗಾಗಿ ನಡೆಸುತ್ತಿದ್ದ ಕಂಪ್ಯೂಟರ್ ಸೆಂಟರ್ ಇತ್ತು. ಆಪಾ ಐವತ್ತು ದಾಟಿದವರು, ಮಾತಿಗೆ ಮುಂಚೆ ಚಹಾ ಕೊಡುವವರು.

"ತಗೊಳ್ಳಿ, ತಗೊಳ್ಳಿ. ನಮ್ಮ ಮಷೀನು ಅಂದ್ರೆ ನಮ್ಮ ಅಟ್ಟ ಇದ್ದಂಗೆ. ಏನೂ ಬಿಸಾಕಿಲ್ಲ!" ಎಂದು ನಕ್ಕರು. "ಹುಜೈಫಾ, ಈ ಸಲ ನೋಡಿ ಕೊಡಪ್ಪಾ ಹುಡುಗಿಗೆ..."

ಹುಜೈಫಾನ ಕಿವಿ ಕೆಂಪಾಯಿತು. ಸುಮೈರಾ ಏನೆಂದು ಕೇಳಲಿಲ್ಲ.

ಅಲ್ಲಿ ಎಂಬತ್ತೆಂಟು ಸಿಕ್ಕವು. ಅವನು ಪ್ರತಿಯೊಂದರ ಮುದ್ರೆಸಂಖ್ಯೆಯನ್ನು, ಅಂದರೆ ಕಡತ ಕೆಟ್ಟಿಲ್ಲವೆಂದು ತೋರಿಸುವ ಗುರುತನ್ನು, ಮೂಲದ ಪಟ್ಟಿಯೊಂದಿಗೆ ತಾಳೆ ನೋಡಿದ. ಅವಳು ಪುಸ್ತಕದಲ್ಲಿ ಗುರುತು ಹಾಕಿದಳು. ಅವನು ಸಂಖ್ಯೆ ಹೇಳುವುದು, ಅವಳು 'ಸರಿ' ಎನ್ನುವುದು. ಎಂಬತ್ತೆಂಟು ಸಲ 'ಸರಿ'. ಯಾರೊಂದಿಗೂ ಅವಳು ಒಂದೇ ದಿನದಲ್ಲಿ ಇಷ್ಟು ಸಲ ಒಪ್ಪಿದ್ದಿಲ್ಲ!

ಮಧ್ಯಾಹ್ನ ಯಲಹಂಕದ ಹಳೇ ಪೇಟೆಯ ಒಂದು ಚಹಾ ಅಂಗಡಿಯ ಮುಂದೆ ನಿಂತರು. ಸುಮೈರಾ ಕೈಗಡಿಯಾರ ನೋಡಿ, ಅದರ ಕೀಲಿಯನ್ನು ಬೆರಳಿನಿಂದ ನಾಲ್ಕು ಸುತ್ತು ತಿರುಗಿಸಿದಳು.

"ಕೀ ಕೊಡೋ ವಾಚು! ಎಷ್ಟು ವರ್ಷ ಆಯ್ತು ನೋಡಿ..." ಎಂದ ಹುಜೈಫಾ.

"ಅಬ್ಬಾ ರಿಪೇರಿ ಮಾಡಿಕೊಟ್ಟಿದ್ದು. ಆರ್.ಟಿ. ನಗರದಲ್ಲಿ ನಮ್ಮದು ವಾಚ್ ಅಂಗಡಿ. ಮೆಹಬೂಬ್ ಪಾಷಾ ಅಂದ್ರೆ ಯಾರಾದ್ರೂ ತೋರಿಸ್ತಾರೆ."

ಇಬ್ಬರ ಮನೆಮಾತೂ ದಖ್ಖನಿ ಉರ್ದುವೇ. ಆದರೆ ಜಗಳ ಕನ್ನಡದಲ್ಲಿ ಆರಂಭವಾಗಿತ್ತು. ಸಂಧಾನವೂ ಅದರಲ್ಲೇ ಮುಂದುವರಿದಿತ್ತು. ಮನೆಮಾತಿಗೆ ಇಳಿದರೆ ಏನೋ ಒಂದು ಗೆರೆ ದಾಟಿದಂತಾಗುತ್ತದೆ ಎಂದು ಇಬ್ಬರಿಗೂ ಅನ್ನಿಸಿರಬೇಕು.

"ಆಪಾ ಹಾಗ್ಯಾಕಂದ್ರು? ಈ ಸಲ ನೋಡಿ ಕೊಡು ಅಂತ?"

ಅವನು ಲೋಟವನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿದ.

"ಎರಡು ವರ್ಷದ ಹಿಂದೆ ಹೀಗೇ ನಕಲು ಅರ್ಧಕ್ಕೆ ನಿಂತಿತ್ತು. ನಾನು ನೋಡದೆ ಬಿಟ್ಟೆ. ಆಪಾ ಅದನ್ನೇ ಇಳಿಸ್ಕೊಂಡ್ರು. ಇಪ್ಪತ್ತು ಮಷೀನು ಎದ್ದೇಳಲೇ ಇಲ್ಲ. ಹದಿನೈದು ದಿನ ಆ ಹುಡುಗೀರಿಗೆ ಪಾಠ ಇಲ್ಲ. ಆಪಾ ಒಂದು ಮಾತೂ ಬೈಲಿಲ್ಲ... ಅದೇ ತುಂಬಾ ನೋವಾಗಿದ್ದು."

"ಅದಕ್ಕೇನಾ ಬಾಗಿಲು ಹಾಕಿದ್ದು?"

"ಹ್ಞೂಂ. ಅರ್ಧ ಗೊತ್ತಿರೋದನ್ನ ಕೊಡೋಕೆ ಭಯ ಆಗುತ್ತೆ. ಹೇಳೋಕೂ."

ಸುಮೈರಾಗೆ ನಿನ್ನೆಯ ತನ್ನ ಮಾತುಗಳೆಲ್ಲ ನೆನಪಾದವು. ಲೋಟ ಕೆಳಗಿಟ್ಟಳು.

"ಸಾರಿ," ಎಂದಳು.

"ಯಾಕೆ? ಚಪ್ಪಲಿ ಎಷ್ಟು ನೀಟಾಗಿ ಬಿಟ್ಟಿದ್ರಿ! ನಮ್ಮ ಡೈರೆಕ್ಟರೂ ಹಾಗೆ ಬಿಡಲ್ಲ."

ಅವಳು ನಕ್ಕುಬಿಟ್ಟಳು. ಭಾನುವಾರದಿಂದ ಮೊದಲ ಸಲ.

ಅಬ್ಬಿಗೆರೆಯ ಮುನಿಗಂಗಪ್ಪ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಮೊಮ್ಮಗಳಿಂದ ಕಂಪ್ಯೂಟರ್ ಕಲಿತವರು. ಮೂರು ಹಳೆಯ ಮಷೀನುಗಳನ್ನು ಜಗಲಿಯ ಮೇಲೆ ಸಾಲಾಗಿ ಇಟ್ಟುಕೊಂಡಿದ್ದರು. ಒಂದಕ್ಕೆ ಮುಚ್ಚಳವೇ ಇರಲಿಲ್ಲ.

"ಇಬ್ರೂ ಬ್ಯಾರೆ ಬ್ಯಾರೆ ಗಾಡೀಲಿ ಬಂದ್ರಾ?" ಎಂದು ಬಾಗಿಲಲ್ಲೇ ಕೇಳಿದರು. "ಪೆಟ್ರೋಲು ಅಷ್ಟು ಸೋವಿಯಾಗೈತಾ?"

"ಇಲ್ಲ ಅಂಕಲ್, ನಾವು... ಅಂದ್ರೆ ಇವರು..." ಹುಜೈಫಾ ತಡವರಿಸಿದ.

"ಸರಿ ಬಿಡಪ್ಪ, ನಾನೇನೂ ಕೇಳ್ನಿಲ್ಲ. ಇಂಗೆ ಕೂತ್ಕಳ್ಳಿ. ನಮ್ಮನೇಲಿ ಯಾವ್ದೂ ಬಿಸಾಕಾಕಿಲ್ಲ. ಮಡಗಿದ್ದು ಒಂದಲ್ಲ ಒಂದಿನ ಕೆಲ್ಸಕ್ಕೆ ಬತ್ತದೆ. ನಮ್ಮನೆಯವ್ಳು ಬಯ್ತಾಳೆ, ಗುಜರಿ ಗುಜರಿ ಅಂತ. ಇವತ್ತು ಅವಳ್ನ ಕರ್ದು ತೋರಿಸ್ತೀನಿ, ಯೂನಿವರ್ಸಿಟಿ ಪರೀಕ್ಸೆ ನನ್ನ ಗುಜರಿ ಮ್ಯಾಲೆ ನಿಂತೈತೆ ಅಂತ!"

ಅಲ್ಲಿ ನಲವತ್ತೊಂದು ಸಿಕ್ಕವು. ಹುಜೈಫಾನ ಸ್ವಂತ ಲ್ಯಾಪ್‌ಟಾಪಿನಲ್ಲಿ ಹದಿಮೂರು. ಸೂರ್ಯ ಇಳಿಯುವ ಹೊತ್ತಿಗೆ ಸುಮೈರಾಳ ಪುಸ್ತಕದಲ್ಲಿ ನೂರ ನಲವತ್ತೆರಡು ಗುರುತುಗಳಿದ್ದವು.

ಒಂದು ಸಾಲು ಮಾತ್ರ ಖಾಲಿ. ನಕ್ಷೆ ಬಿಡಿಸುವ ಒಂದು ಪುಟ್ಟ ಪ್ಯಾಕೇಜು. ಬಳಗದ ಯಾರ ಬಳಿಯೂ ಆ ಆವೃತ್ತಿ ಇರಲಿಲ್ಲ.

"ನಿಮ್ಮ ಹತ್ರ ಎಲ್ಲೂ ಇಲ್ವಾ?" ಎಂದಳು, ಆಸೆಯಿಂದ.

ಅವನು ಕಣ್ಣು ತಪ್ಪಿಸಿದ.

"ಕೊಡುವಂಥದ್ದು ಇಲ್ಲ," ಎಂದ. ಆಮೇಲೆ ಹೆಲ್ಮೆಟ್ ಕೈಗೆತ್ತಿಕೊಂಡು, ಮತ್ತೆ ಬೈಕಿನ ಮೇಲಿಟ್ಟ. "ಸುಮೈರಾ ಅವರೇ... ನಿಮಗೆ ಒಂದು ಮಾತು ಹೇಳ್ಬೇಕಿತ್ತು."

ಅವಳು ಪುಸ್ತಕ ಮುಚ್ಚಿ ಅವನತ್ತ ತಿರುಗಿದಳು.

"ಏನು?"

"...ಬೇಡ. ಇದು ಪೂರ್ತಿಯಾಗಲಿ. ಆಮೇಲೆ ಹೇಳ್ತೀನಿ."

ಆ ಸಂಜೆ ಅಮ್ಮಿ ಅಮೀನಾ ಎರಡು ಸಲ ಕೂಗಿದ ಮೇಲೆಯೇ ಅವಳು ಊಟಕ್ಕೆ ಎದ್ದದ್ದು. ಕೊರತೆಯಾಗಿರುವುದು ಒಂದು ಪ್ಯಾಕೇಜು. ಆದರೆ ಮನಸ್ಸು ಹುಡುಕುತ್ತಿದ್ದುದು ಆ ಒಂದು ಮಾತನ್ನು!

ಬುಧವಾರ ಮಧ್ಯಾಹ್ನ ಸುಮೈರಾ ಲ್ಯಾಬಿನಲ್ಲಿ ಒಬ್ಬಳೇ ಕುಳಿತಿದ್ದಳು. ಗಂಟೆಗೊಮ್ಮೆ ಎಲ್ಲ ಸರ್ವರುಗಳ ವಿಳಾಸ ಒತ್ತಿ ನೋಡುವುದು, ಪುಸ್ತಕದಲ್ಲಿ 'ಇಲ್ಲ' ಎಂದು ಬರೆಯುವುದು. 12.40ಕ್ಕೆ ಅಭ್ಯಾಸದಂತೆ ಹೆಬ್ಬಾಳದ ಮಿರರಿನ ವಿಳಾಸವನ್ನೂ ಒತ್ತಿದಳು.

ಪುಟ ತೆರೆಯಿತು!

ಉದ್ದದ ಪಟ್ಟಿ. ಅವಸರದಿಂದ ಕೆಳಗೆ ಇಳಿದಳು. ಇದೆ... ಆ ನೂರ ನಲವತ್ತಮೂರನೆಯದು ಇದೆ! ಅದರ ಮುಂದೆ ದಿನಾಂಕವೂ ಇದೆ.

ಶುಕ್ರವಾರ.

ಅವಳ ಬೆರಳು ಕೀಲಿಮಣೆಯ ಮೇಲೆ ನಿಂತಿತು. ಅಷ್ಟರಲ್ಲಿ ಪುಟ ಮತ್ತೆ ಮುಚ್ಚಿಕೊಂಡಿತು.

ಶುಕ್ರವಾರದಿಂದ ಅವನ ಬಳಿಯೇ ಇತ್ತು!

'ಕೊಡುವಂಥದ್ದು ಇಲ್ಲ' ಎಂದಿದ್ದ. ಕಣ್ಣು ತಪ್ಪಿಸಿ. ಹೆಲ್ಮೆಟ್ ಎತ್ತಿ ಇಳಿಸಿ. ಹೇಳಬೇಕೆಂದಿದ್ದ ಆ ಮಾತು ಇದೇ ಇರಬೇಕು. ಎಲ್ಲವನ್ನೂ ತನ್ನ ಬಳಿಯೇ ಇಟ್ಟುಕೊಂಡು ಅವಳನ್ನು ಚಿಕ್ಕಜಾಲ, ಅಬ್ಬಿಗೆರೆ ಎಂದು ಬಿಸಿಲಲ್ಲಿ ಸುತ್ತಿಸಿದ. ಯಾತಕ್ಕೆ? ಜೊತೆಯಲ್ಲಿ ಒಂದು ದಿನ ಕಳೆಯುವುದಕ್ಕಾ? ತನ್ನ ಕೆಲಸ ಹೋಗುವ ಹೊತ್ತಿನಲ್ಲಿ?

ಕರೆ ಮಾಡಿದಳು. ಗಂಟೆ ಹೊಡೆಯಿತು, ಹೊಡೆಯಿತು... ಎತ್ತಲಿಲ್ಲ. ಮತ್ತೆ ಮಾಡಿದಳು. ಎತ್ತಲಿಲ್ಲ.

ಸುಮೈರಾ ಸಿಟ್ಟಾದಾಗ ಕೂಗಾಡುವವಳಲ್ಲ, ಸ್ವಚ್ಛ ಮಾಡುವವಳು. ಹುಜೈಫಾನ ಹೆಸರನ್ನು ಒತ್ತಿ ಹಿಡಿದಳು. ಸಂಭಾಷಣೆ ಅಳಿಸಿದಳು. ಸಂಖ್ಯೆ ಅಳಿಸಿದಳು. ಮತ್ತೆ ಕರೆ ಬಾರದಂತೆ ತಡೆಹಾಕಿದಳು. ಫೋನು ಕನ್ನಡಿಯಂತೆ ಖಾಲಿಯಾಯಿತು.

ಎದೆ ಮಾತ್ರ ಖಾಲಿಯಾಗಲಿಲ್ಲ.

ಸಂಜೆ ಐದೂವರೆಗೆ ಆರ್.ಟಿ. ನಗರದ ಮನೆಗೆ ಬಂದಾಗ ಮೆಹಬೂಬ್ ಪಾಷಾ ಅಂಗಡಿಯಿಂದ ಆಗಲೇ ಬಂದಿದ್ದರು. ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ ಇನ್ನೂ ಹಣೆಯ ಮೇಲಿತ್ತು.

"ಬೇಟಾ, ಒಬ್ಬ ಹುಡುಗ ಬಂದಿದ್ದ ಅಂಗಡಿಗೆ. ಮೂರು ಗಂಟೆಗೆ."

"ಯಾರು ಅಬ್ಬಾ?"

"ವಾಚು ಕೊಟ್ಟ, ರಿಪೇರಿಗೆ ಅಂತ. ಬಿಚ್ಚಿ ನೋಡ್ತೀನಿ, ಒಂದು ಸೆಕೆಂಡೂ ತಪ್ಪಿಲ್ಲ! ಏನಾಗಿದೆಯಪ್ಪ ಇದಕ್ಕೆ ಅಂದ್ರೆ, 'ಇರಲಿ, ಒಂದ್ಸಲ ನೋಡಿಡಿ' ಅಂತಾನೆ. ಹೋಗ್ತಾ ಇದನ್ನ ಕೊಟ್ಟ. ನಿಮ್ಮ ಮಗಳಿಗೆ, ಕಾಲೇಜಿನ ಕೆಲಸ ಅಂತ. ಗೇಟಲ್ಲಿ ಬಿಡಲಿಲ್ವಂತೆ, ನಿನ್ನ ಫೋನೂ ಸಿಗಲಿಲ್ವಂತೆ."

ವಾಚ್ ರಿಪೇರಿಯ ಪುಟ್ಟ ಕಂದು ಲಕೋಟೆ. ಒಳಗೊಂದು ಪೆನ್‌ಡ್ರೈವು, ನಾಲ್ಕಾಗಿ ಮಡಚಿದ ಕಾಗದ.

ಸುಮೈರಾ ಬಾಲ್ಕನಿಗೆ ಹೋಗಿ ಬಿಡಿಸಿದಳು.

'ಸುಮೈರಾ ಅವರೇ,

ನೂರ ನಲವತ್ತಮೂರೂ ಇದರಲ್ಲಿವೆ. ಎಲ್ಲದರ ಮುದ್ರೆಸಂಖ್ಯೆ ತಾಳೆ ನೋಡಿದ್ದೇನೆ. ಪಟ್ಟಿ ಹಿಂಬದಿಯಲ್ಲಿದೆ, ನಿಮ್ಮ ಪುಸ್ತಕದ ಕ್ರಮದಲ್ಲೇ.

ಶುಕ್ರವಾರದ ನಕಲು ಒಂದು ಹಳೇ ಡಿಸ್ಕಿನಲ್ಲಿತ್ತು. ಆ ಡಿಸ್ಕು ಭಾನುವಾರದಿಂದ ಓದುತ್ತಿರಲಿಲ್ಲ. ನೀವು ಮೊದಲ ದಿನ ಬಂದಾಗ ನಾನು ಬಿಚ್ಚಿಕೊಂಡು ಕೂತಿದ್ದದ್ದು ಅದನ್ನೇ. ಓದುತ್ತದೋ ಇಲ್ಲವೋ ತಿಳಿಯದೆ ನಿಮಗೆ ಆಸೆ ಹುಟ್ಟಿಸುವುದು ಬೇಡ ಎಂದುಕೊಂಡೆ. ಇವತ್ತು 12.40ಕ್ಕೆ ಓದಿತು. ಒಂದು ನಿಮಿಷ ತೆರೆದು ಪರೀಕ್ಷಿಸಿ, ಹೊರಗೆ ಬಂದು ಗೂಡಿನಿಂದ ಫೋನು ತೆಗೆದೆ. ನಿಮ್ಮ ಎರಡು ಕರೆ ಇದ್ದವು. ಮೆಸೇಜು ಕಳಿಸಿದೆ, ಹೋಗಲಿಲ್ಲ. ನೀವು ಆ ಪುಟ ನೋಡಿದ್ದೀರಿ ಎಂದು ಆಗ ಹೊಳೆಯಿತು.

ಅರ್ಧ ಗೊತ್ತಿದ್ದರೂ ನಿಮಗೆ ಹೇಳಬೇಕಿತ್ತು. ತಪ್ಪು ನನ್ನದು.

ನಾಳೆ ಪರೀಕ್ಷೆ ಚೆನ್ನಾಗಿ ಆಗಲಿ.

ಹುಜೈಫಾ.'

ಬಾಲ್ಕನಿಯ ಕಂಬಿಯನ್ನು ಹಿಡಿದು ಸುಮೈರಾ ಬಹಳ ಹೊತ್ತು ನಿಂತಳು. ಶೂ, ಸಾಕ್ಸ್ ಬಿಚ್ಚಿಟ್ಟು ಫೋನನ್ನು ಗೂಡಿನಲ್ಲಿಟ್ಟು ಒಳಗೆ ಕುಳಿತವನು ಕರೆ ಎತ್ತುವುದಾದರೂ ಹೇಗೆ? ಆ ಗೂಡನ್ನು ಅವಳು ಕಣ್ಣಾರೆ ಕಂಡಿದ್ದಳು! ನಿದ್ದೆಗೆಟ್ಟ ಆ ಕಣ್ಣುಗಳನ್ನೂ.

ಶನಿವಾರ ಮೂವತ್ತು ಮಷೀನುಗಳನ್ನು ಅಳಿಸಿದ್ದಳು. ಬುಧವಾರ ಒಬ್ಬ ಮನುಷ್ಯನನ್ನು.

ಅದೇ ತಪ್ಪು... ಎರಡನೆಯ ಸಲ.

"ಅಬ್ಬಾ," ಎಂದು ಒಳಗೆ ಬಂದಳು. "ಅವರು ನಂಬರ್ ಕೊಟ್ಟಿದ್ದಾರಾ?"

"ಇಲ್ಲ ಬೇಟಾ. ನಾನೂ ಕೇಳ್ದೆ, ವಾಚು ಆದ್ಮೇಲೆ ಫೋನ್ ಮಾಡ್ಬೇಕಲ್ಲ ಅಂತ. 'ನಾನೇ ಬರ್ತೀನಿ' ಅಂದ." ಮೆಹಬೂಬ್ ಪಾಷಾ ಭೂತಗನ್ನಡಿಯನ್ನು ಹಣೆಯಿಂದ ತೆಗೆದು ಒರೆಸಿದರು. "ನಲವತ್ತು ವರ್ಷ ಆಯ್ತು ಈ ಕೆಲಸ ಮಾಡ್ತಾ. ಕೆಟ್ಟಿರೋ ವಾಚನ್ನ ಸರಿಯಿದೆ ಅಂತ ವಾದ ಮಾಡೋರನ್ನ ನೋಡಿದ್ದೀನಿ. ಸರಿಯಿರೋ ವಾಚು ರಿಪೇರಿಗೆ ಕೊಡೋನನ್ನ ಇವತ್ತೇ ನೋಡಿದ್ದು."

ಅಡುಗೆಮನೆಯಿಂದ ಅಮೀನಾ ಇಣುಕಿದರು. ಗಂಡನ ಮುಖ ನೋಡಿದರು, ಮಗಳ ಮುಖ ನೋಡಿದರು. ಏನೂ ಕೇಳದೆ ಒಳಗೆ ಹೋದರು.

ಗುರುವಾರ ಬೆಳಿಗ್ಗೆ ಏಳಕ್ಕೆ ಸುಮೈರಾ ಲ್ಯಾಬಿನ ಬೀಗ ತೆಗೆದಳು. ಪೆನ್‌ಡ್ರೈವಿನಲ್ಲಿದ್ದುದನ್ನು ಒಂದು ಮಷೀನಿಗೆ ಹಾಕಿ, ಅಲ್ಲಿಂದ ಉಳಿದ ಇಪ್ಪತ್ತೊಂಬತ್ತಕ್ಕೂ ಸಾಗಿಸಿದಳು. ಕಪ್ಪು ಪರದೆಗಳ ಮೇಲೆ ಬಿಳಿಯ ಸಾಲುಗಳು ಸರಸರನೆ ಏರಿದವು. ಎಲ್ಲಿಯೂ ಕೆಂಪು ಅಕ್ಷರ ಬರಲಿಲ್ಲ. 8.50ಕ್ಕೆ ಮೂವತ್ತನೆಯದು ಮುಗಿಯಿತು.

ನೂರ ನಲವತ್ತಮೂರನೆಯ ಸಾಲಿನ ಮುಂದೆ ಅವಳು ಗುರುತು ಹಾಕಿದಳು. ಆಮೇಲೆ, ಎಂದೂ ಮಾಡದ ಒಂದು ಕೆಲಸ ಮಾಡಿದಳು. ಆ ಎಲ್ಲ ಪ್ಯಾಕೇಜುಗಳ ಒಂದು ನಕಲನ್ನು ಕಪಾಟಿನ ಡಿಸ್ಕಿನಲ್ಲಿ ಇಟ್ಟು, ಮೇಲೆ ಚೀಟಿ ಅಂಟಿಸಿದಳು: 'ಅಳಿಸಬಾರದು.'

ಹತ್ತಕ್ಕೆ ಎರಡು ನಿಮಿಷವಿದ್ದಾಗ ಗುರುಪಾದಪ್ಪನವರು ಬಂದರು. ಧಾರವಾಡದ ಕಡೆಯವರು, ಬಿಳಿ ಅಂಗಿ, ಕಂಕುಳಲ್ಲಿ ಫೈಲು. ಸಾಲು ಸಾಲಾಗಿ ನಡೆದು ಪ್ರತಿ ಪರದೆ ನೋಡಿದರು. ಹುಡುಗರು ಲೆಕ್ಕ ಹಾಕಿ ನಕ್ಷೆ ಬಿಡಿಸುತ್ತಿದ್ದರು.

"ಏನವಾ, ಆ ಸರ್ವರ್ ಬಿದ್ದು ನಾಕ್ ದಿನ ಆತಂತಲ್ಲ? ನಿನ್ನಿ ಎರಡು ಕಾಲೇಜಿನ್ಯಾಗ ಪರೀಕ್ಷಾ ಮುಂದಕ್ಕ ಹಾಕಿ ಬಂದೀನಿ. ನಿಮ್ಮಲ್ಲಿ ಹ್ಯಾಂಗ ನಡದೈತಿ?"

"ಎಲ್ಲರ ಮನೆಯಿಂದ ಒಂದೊಂದಿಷ್ಟು ತಂದ್ವಿ ಸರ್."

"ಎಲ್ಲರ ಮನಿಯಿಂದ?"

"ಚಿಕ್ಕಜಾಲ, ಅಬ್ಬಿಗೆರೆ... ಕೊನೇದು ಹೆಬ್ಬಾಳ."

ಅವರು ಅವಳ ಲಾಗ್ ಪುಸ್ತಕವನ್ನು ಎತ್ತಿ ಪುಟಗಳನ್ನು ತಿರುವಿದರು. ತಿರುವುತ್ತಲೇ ಇದ್ದರು. ಮುಚ್ಚಿ, "ಈ ಲ್ಯಾಬ್ ಬಗ್ಗೆ ವರದಿಯೊಳಗ ನಾಕ್ ಮಾತು ಚಲೋ ಬರೀತೀನಿ," ಎಂದು ಮುಂದಿನ ಸಾಲಿಗೆ ಹೋದರು.

ಬಾಗಿಲಲ್ಲಿ ನಿಂತಿದ್ದ ಸರಳಾ ಮೇಡಂ ಸುಮೈರಾಳ ಕೈ ಹಿಡಿದು ಒತ್ತಿದರು.

"ಗುತ್ತಿಗೆ ಕಾಗದ ನಾಳೆ ನಾನೇ ಸಹಿ ಮಾಡಿಸಿ ತರ್ತೀನಿ. ಆದ್ರೆ ಇನ್ಮೇಲೆ ಪರೀಕ್ಷೆಗೆ ಮುಂಚೆ ಪೊರಕೆ ಮುಟ್ಟಬೇಡ ಕಣಮ್ಮ!"

ಪರೀಕ್ಷೆ ಒಂದಕ್ಕೆ ಮುಗಿಯಿತು. ಎರಡಕ್ಕೆ ಅವಳು ಹೆಬ್ಬಾಳದ ಆ ಗೇಟಿನಲ್ಲಿದ್ದಳು. ಕಾವಲುಗಾರ ರಿಜಿಸ್ಟರು ಮುಂದಿಟ್ಟ.

"ಏನ್ ಮೇಡಂ, ಇವತ್ತೂ ದೂರಾ?"

ಸುಮೈರಾ ಪೆನ್ನು ಹಿಡಿದು ಯೋಚಿಸಿದಳು. ಉದ್ದೇಶದ ಕಾಲಂನಲ್ಲಿ ದುಂಡಗೆ ಬರೆದಳು: 'ಕ್ಷಮೆ.'

ಹೊಸ್ತಿಲ ಬಳಿ ಚಪ್ಪಲಿ ಬಿಟ್ಟಳು. ಜೋಡಿಸಲು ಬಗ್ಗಿದವಳು... ಬಿಟ್ಟುಬಿಟ್ಟಳು. ಒಂದು ಅತ್ತ, ಒಂದು ಇತ್ತ. ಫೋನನ್ನು ಗೂಡಿನಲ್ಲಿಟ್ಟಳು.

ಅವನು ಅದೇ ಜಾಗದಲ್ಲಿ ನೆಲದ ಮೇಲೆ ಕುಳಿತಿದ್ದ. ಎಡಗೈಯ ಮಣಿಕಟ್ಟಿನಲ್ಲಿ ವಾಚಿನ ಬಿಳಿ ಗುರುತು ಮಾತ್ರ ಇತ್ತು. ಅವಳನ್ನು ಕಂಡು ಎದ್ದು ನಿಂತ.

"ಪರೀಕ್ಷೆ...?"

"ಆಯ್ತು. ಮೂವತ್ತೂ ಓಡಿದವು. ಲ್ಯಾಬೂ ಉಳೀತು, ಕೆಲಸಾನೂ."

ಅವನು ಕಣ್ಣು ಮುಚ್ಚಿ ಉಸಿರು ಬಿಟ್ಟ. ಆ ಉಸಿರನ್ನು ಅವನು ಭಾನುವಾರದಿಂದ ಹಿಡಿದಿಟ್ಟಿದ್ದಂತೆ ಕಂಡಿತು.

"ನಾನು ಎಲ್ಲಾ ಅಳಿಸಿಬಿಟ್ಟೆ," ಎಂದಳು ಸುಮೈರಾ. "ನಿಮ್ಮ ನಂಬರು. ನಿಮ್ಮ ಮೆಸೇಜುಗಳು. ಕೇಳಬೇಕಿತ್ತು, ಕೇಳಲಿಲ್ಲ. ನನಗೆ ಇಟ್ಕೊಳ್ಳೋಕೆ ಬರಲ್ಲ, ಹುಜೈಫಾ. ಯಾವುದರಲ್ಲಾದ್ರೂ ಒಂದು ಕಲೆ ಕಂಡ್ರೆ ಪೂರ್ತಿ ಅಳಿಸಿಬಿಡ್ತೀನಿ."

ಅವಳು 'ಅವರೇ' ಬಿಟ್ಟು ಹೆಸರು ಕರೆದದ್ದು ಇದೇ ಮೊದಲು. ಇಬ್ಬರೂ ಅದನ್ನು ಗಮನಿಸಿದರು. ಇಬ್ಬರೂ ಗಮನಿಸದಂತೆ ನಿಂತರು.

"ನನ್ನ ಹತ್ರ ಇದೆ," ಎಂದ ಅವನು.

"ಏನು?"

"ಮೆಸೇಜುಗಳು. ಸೋಮವಾರದ್ದರಿಂದ ಎಲ್ಲಾ. ಬೇಕಾದ್ರೆ ನಕಲು ಕೊಡ್ತೀನಿ."

ಅವಳು ನಗಲು ಹೋದಳು, ಕಣ್ಣು ತುಂಬಿತು. ಸುತ್ತಲೂ ಯಂತ್ರಗಳು ತಮ್ಮ ಪಾಡಿಗೆ ಗುಂಯ್‌ಗುಡುತ್ತಿದ್ದವು.

"ಮಂಗಳವಾರ ಒಂದು ಮಾತು ಅರ್ಧಕ್ಕೆ ನಿಲ್ಲಿಸಿದ್ರಿ," ಎಂದಳು ಮೆಲ್ಲಗೆ. "ಅದು ಈ ಡಿಸ್ಕಿನ ವಿಷಯಾನಾ?"

"ಅಲ್ಲ."

"ಮತ್ತೆ?"

ಅವನು ನೆಲ ನೋಡಿದ.

"ಅದು ಇನ್ನೂ ಪೂರ್ತಿ ಆಗಿಲ್ಲ. ಅದರ ಅರ್ಧ ನಿಮ್ಮ ಹತ್ರ ಇದೆ. ನಿಮ್ಮನ್ನ ಕೇಳದೆ ನನಗೆ ಹೇಗೆ ಗೊತ್ತಾಗ್ಬೇಕು?"

"ಹಾಗಾದ್ರೆ ನಿಮ್ಮ ಅರ್ಧ ಹೇಳಿ. ಈ ಸಲ ಅರ್ಧ ಆದ್ರೂ ಪರವಾಗಿಲ್ಲ."

ಅವನು ತಲೆಯೆತ್ತಿದ. ಅದೇ ಶಾಂತವಾದ ಕಣ್ಣುಗಳು, ಆದರೆ ದನಿ ಈಗ ನಡುಗುತ್ತಿತ್ತು.

"ಎಂಬತ್ತೆಂಟು ಸಲ ನೀವು 'ಸರಿ' ಅಂದ್ರಲ್ಲ ಆಪಾ ಸೆಂಟರಿನಲ್ಲಿ... ನಲವತ್ತರ ಹತ್ರ ಬರೋ ಹೊತ್ತಿಗೆ ನನಗೆ ಪ್ಯಾಕೇಜು ಮರೆತೇ ಹೋಗಿತ್ತು, ಸುಮೈರಾ. ಈ ದನಿ ದಿನಾ ಕೇಳ್ಬೇಕು ಅನ್ನಿಸ್ತು. ಜೀವಮಾನ ಪೂರ್ತಿ. ಇಷ್ಟೇ ನನ್ನ ಅರ್ಧ."

ಅವಳು ಕೈಗಡಿಯಾರದ ಕೀಲಿಯನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿದಳು.

"ಅಬ್ಬಾ ಹೇಳಿ ಕಳಿಸಿದ್ದಾರೆ. ನಿಮ್ಮ ವಾಚಿಗೆ ಏನೂ ಆಗಿಲ್ವಂತೆ."

"ಗೊತ್ತು."

"ಮತ್ತೆ ಯಾಕೆ ಕೊಟ್ರಿ?"

"ತಗೊಳ್ಳೋಕೆ ಇನ್ನೊಂದ್ಸಲ ಬರಬಹುದಲ್ಲ ಅಂತ."

"ಹಾಗಾದ್ರೆ ಭಾನುವಾರ ಬನ್ನಿ. ಅಂಗಡಿಗೆ ಅಲ್ಲ, ಮನೆಗೆ." ಅವಳ ಕೆನ್ನೆ ಕೆಂಪಾಗಿತ್ತು. "ಒಬ್ಬರೇ ಬಂದ್ರೆ ಅಬ್ಬಾ ವಾಚು ಕೊಡ್ತಾರೋ ಇಲ್ವೋ..."

ಹು‌ಜೈಫಾನ ಮುಖದಲ್ಲಿ ನಗು ಮೆಲ್ಲಗೆ ಹರಡಿತು. ಆಮೇಲೆ ಮೊದಲ ಬಾರಿಗೆ, ಇಬ್ಬರ ಮನೆಯ ಆ ಮಾತಿನಲ್ಲಿ ಕೇಳಿದ:

"ಅಮ್ಮೀಕೊ ಲೇಕೊ ಆವೂಂ?"

ಅಮ್ಮಿಯನ್ನು ಕರೆದುಕೊಂಡು ಬರಲೇ, ಎಂದು.

ಸುಮೈರಾ ಅದೇ ಮಾತಿನಲ್ಲಿ, ಒಂದೇ ಪದದಲ್ಲಿ ತನ್ನ ಅರ್ಧವನ್ನು ಕೊಟ್ಟಳು.

"ಹೌ."